ದೊಡ್ಡಪ್ಪನ ಏಕಾದಶಿ

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನದವರಿಗೆ ಎದೆ ಚುಳುಕ್ ಅಂದರೂ ಸಾಕು, ಕೈಕಾಲು ತಣ್ಣಗಾಗುತ್ತಿತ್ತು. ಟಿವಿ ಹಾಕಿದರೆ ಹೃದಯಾಘಾತದ ಸುದ್ದಿ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಸಾಲು. ಆಗ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡಿತು: ‘ದಿನಾ 108 ಸಲ ಜಪ ಮಾಡಿ, ಬ್ಲಾಕ್ ಕರಗುತ್ತೆ, ವಿಜ್ಞಾನಿಗಳೇ ಹೇಳಿದ್ದಾರೆ.’

ಯಾವ ವಿಜ್ಞಾನಿಗಳು ಸ್ವಾಮಿ? ಹುಡುಕಿಕೊಂಡು ಓದಿದೆ. 2001ರಲ್ಲಿ ಇಟಲಿಯ ಬರ್ನಾರ್ಡಿ ತಂಡ 23 ಜನರಿಂದ ಕ್ರೈಸ್ತರ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿತ್ತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಬಿಪಿ ಏರಿಳಿದಂತೆ ಎದೆಬಡಿತವನ್ನು ಹದಕ್ಕೆ ತರುವ ದೇಹದ ಶಕ್ತಿ ಚುರುಕಾಯಿತು. ದೇವರು ಬೇರೆ, ಭಾಷೆ ಬೇರೆ, ಲಯ ಒಂದೇ! ಅಜ್ಜಿ ಸಹಸ್ರನಾಮದ ಒಂದೊಂದು ಶ್ಲೋಕ ಮುಗಿಸಿ ನಿಧಾನಕ್ಕೆ ಉಸಿರು ಬಿಡುತ್ತಿದ್ದದ್ದು ನೆನಪಾಯಿತು. ಬ್ಲಾಕ್ ಕರಗಿತೇ ಅಂತ ಮಾತ್ರ ಅಲ್ಲಿ ಯಾರೂ ನೋಡಿಲ್ಲ.

2006ರಲ್ಲಿ ಅಮೆರಿಕದ ಬೆನ್ಸನ್ ತಂಡ ಬೈಪಾಸ್ ಆದ 1,802 ಜನರ ಫಲಿತಾಂಶ ಪ್ರಕಟಿಸಿತು. ಬೇರೆಯವರು ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ಗೊತ್ತಿದ್ದವರಲ್ಲೇ ಆಪರೇಷನ್ ನಂತರದ ತೊಂದರೆ ಹೆಚ್ಚು, ಶೇ. 59. ಖಚಿತವಾಗಿ ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇ. 52. (‘ನನ್ನ ಕೇಸು ಅಷ್ಟು ಕೈಮೀರಿದೆಯಾ?’ ಅಂತ ಹೆದರಿದರೋ ಏನೋ, ಪಾಪ.) ನಮ್ಮ ದೇಶದಲ್ಲೇ 24 ಆಸ್ಪತ್ರೆಗಳ 3,959 ಹೃದಯಾಘಾತದ ರೋಗಿಗಳ ಮೇಲೆ ಯೋಗದ ಪ್ರಯೋಗ ನಡೆಯಿತು, 2020ರಲ್ಲಿ ವರದಿ ಬಂತು. ಸಾವು, ಮರು ಆಘಾತ ಗಣನೀಯವಾಗಿ ತಗ್ಗಲಿಲ್ಲ. ಮೊದಲಿನ ಕೆಲಸಕಾರ್ಯಗಳಿಗೆ ಮರಳುವುದು ಸುಧಾರಿಸಿತ್ತು. ನನಗೆ ಅದೂ ಸಣ್ಣದಲ್ಲ.

ಆದರೆ ಡಾಕ್ಟರುಗಳ ಮೇಲೆ ನನಗೊಂದು ತಕರಾರಿದೆ. ಹೊಳೆನರಸೀಪುರದ ನಮ್ಮ ದೊಡ್ಡಪ್ಪನಿಗೆ ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿದಾಗ ಡಾಕ್ಟರು ಬೀಡಿ ಬಗ್ಗೆ ಕೇಳಿದರು, ಕುಡಿತದ ಬಗ್ಗೆ ಕೇಳಿದರು, ಉಪ್ಪಿನಕಾಯಿಯನ್ನೂ ಬಿಡಲಿಲ್ಲ. ದೇವರ ವಿಷಯ ಕೇಳಲೇ ಇಲ್ಲ. ದೊಡ್ಡಪ್ಪನದು ತಿಂಗಳಿಗೆ ಎರಡು ಏಕಾದಶಿ, ನಿರ್ಜಲ. ಅವತ್ತು ಮಾತ್ರೆಯೂ ಇಲ್ಲ! ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ತಪ್ಪಿಸಿದರೆ ಸ್ಟೆಂಟಿನೊಳಗೇ ಗಡ್ಡೆ ಕಟ್ಟಬಹುದು. ನಮಗೂ ಹೇಳಬೇಕೆಂದು ಹೊಳೆಯಲಿಲ್ಲ.

ಮುಂದಿನ ಚೆಕಪ್‌ನಲ್ಲಿ ನಾನೇ ಬಾಯಿಬಿಟ್ಟೆ. ಡಾಕ್ಟರು ಬೈತಾರೆ ಅಂದುಕೊಂಡಿದ್ದೆ. ‘ಯಜಮಾನ್ರೇ, ತೀರ್ಥ ತಗೋತೀರಲ್ಲ?’ ಅಂದರು.

‘ಹೂಂ.’

‘ಅದರ ಜೊತೆ ನುಂಗಿಬಿಡಿ.’

ಈಗ ಪಂಚಪಾತ್ರೆ ಪಕ್ಕದಲ್ಲೇ ಮಾತ್ರೆ ಡಬ್ಬಿ. ದೊಡ್ಡಮ್ಮ ಅದಕ್ಕೂ ಕುಂಕುಮ ಇಟ್ಟಿದ್ದಾರೆ.