ಸ್ಪಷ್ಟನೆ: ಟೂಲ್ಸ್ ಜಾರ್ ಕಡತವನ್ನು ಬೇರೆಡೆಯಿಂದ ತಂದು ಹಾಕಬೇಕಿಲ್ಲ

ಅಪಾಚೆ ಆಂಟ್ ಎಂಬ ಸಾಧನ ಬಳಸಿ ಜಾವಾ ಪ್ರಾಜೆಕ್ಟ್ ಬಿಲ್ಡ್ ಮಾಡುವಾಗ, ಅಂದರೆ ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿ ಕಟ್ಟುವಾಗ, ‘ಟೂಲ್ಸ್ ಜಾರ್ (tools.jar) ಸಿಗುತ್ತಿಲ್ಲ’ ಎಂಬ ಸಂದೇಶ ಬಂದರೆ, ಆ ಕಡತವನ್ನು ಎಲ್ಲಿಂದಾದರೂ ಡೌನ್‌ಲೋಡ್ ಮಾಡಿ ಲಿಬ್ ಫೋಲ್ಡರಿಗೆ ಹಾಕಿದರೆ ಸಾಕು ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು; ಆ ಕಡತದಲ್ಲಿರುವುದು ಕಂಪೈಲರ್, ಅಂದರೆ ಜಾವಾ ಕೋಡನ್ನು ಓಡಿಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಂ; ಮೂಲ ಗೊತ್ತಿಲ್ಲದ ಕಂಪೈಲರನ್ನು ನಮ್ಮ ಬಿಲ್ಡ್ ಒಳಗೆ ಯಾರೂ ಬಿಟ್ಟುಕೊಳ್ಳಬಾರದು.

ಆ ಸಂದೇಶವನ್ನು ಕೊನೆಯವರೆಗೆ ಓದಿದರೆ ಕಾರಣ ಅಲ್ಲೇ ಸಿಗುತ್ತದೆ. ಆಂಟ್ ತಾನು ಹುಡುಕಿದ ಪೂರ್ತಿ ಹಾದಿಯನ್ನು ಮುದ್ರಿಸುತ್ತದೆ, ಮತ್ತು ಆ ಹಾದಿಯ ನಡುವೆ ಸಾಮಾನ್ಯವಾಗಿ ‘ಜೆಆರ್‌ಇ’ ಎಂಬ ಫೋಲ್ಡರ್ ಕಾಣುತ್ತದೆ. ಜೆಆರ್‌ಇ ಇರುವುದು ಪ್ರೋಗ್ರಾಂ ಓಡಿಸುವುದಕ್ಕೆ; ಜಾವಾ 8ರವರೆಗೆ ಕಂಪೈಲರ್ ಅಡಗಿದ್ದ ಟೂಲ್ಸ್ ಜಾರ್ ಇದ್ದದ್ದು ಪ್ರೋಗ್ರಾಂ ತಯಾರಿಸಲು ಬೇಕಾದ ಜಾವಾ ಕಿಟ್ ಆದ ಜೆಡಿಕೆಯ ಲಿಬ್ ಫೋಲ್ಡರಿನಲ್ಲಿ. ಆದ್ದರಿಂದ ಜಾವಾ ಎಲ್ಲಿದೆ ಎಂದು ಆಂಟ್‌ಗೆ ತಿಳಿಸುವ ಜಾವಾ ಹೋಮ್ (JAVA_HOME) ವೇರಿಯಬಲ್ ಜೆಡಿಕೆಯ ಮೂಲ ಫೋಲ್ಡರನ್ನು, ಅದರೊಳಗಿನ ಬಿನ್ ಫೋಲ್ಡರನ್ನಲ್ಲ, ತೋರಿಸುವಂತೆ ಸರಿಪಡಿಸಿ, ಹೊಸ ಟರ್ಮಿನಲ್ ತೆರೆದು ಬಿಲ್ಡ್ ಓಡಿಸಬೇಕು. ಹಳೆಯ ಟರ್ಮಿನಲ್ ಆ ವೇರಿಯಬಲ್‌ನ ಹಳೆಯ ಮೌಲ್ಯವನ್ನೇ ಹಿಡಿದುಕೊಂಡಿರುತ್ತದೆ, ಬಹಳ ಜನ ಎಡವುವುದು ಇಲ್ಲೇ.

2017ರಲ್ಲಿ ಬಂದ ಜಾವಾ 9ರಿಂದ ಈ ಕಡತವನ್ನೇ ತೆಗೆದುಹಾಕಿ, ಕಂಪೈಲರನ್ನು ಮಾಡ್ಯೂಲ್ ಆಗಿ ಜೆಡಿಕೆಯೊಳಗೆ ಸೇರಿಸಲಾಗಿದೆ. ಹಾಗಾಗಿ ಹೊಸ ಜೆಡಿಕೆಯಲ್ಲಿ ಅದನ್ನು ಹುಡುಕುವುದೇ ವ್ಯರ್ಥ. ಹಳೆಯ ಬಿಲ್ಡ್ ಸ್ಕ್ರಿಪ್ಟ್ ಅದರ ಹಾದಿಯನ್ನು ಹೆಸರಿಸಿದ್ದರೆ ಬದಲಾಯಿಸಬೇಕಾದದ್ದು ಆ ಸಾಲನ್ನು.