ಸತ್ಯಾಂಶ: ಕ್ಷಯ ತಟ್ಟೆ-ಲೋಟದಿಂದ ಹರಡುವುದಿಲ್ಲ

"ಟಿಬಿ ಇರುವವರ ತಟ್ಟೆ, ಲೋಟ, ಬಟ್ಟೆ ಬೇರೆ ಇಡಿ, ಮುಟ್ಟಿದರೆ ಅಂಟುತ್ತದೆ" ಎಂಬ ಸಂದೇಶ ಮತ್ತೆ ಓಡಾಡುತ್ತಿದೆ. ಇದು ತಪ್ಪು.

1882ರಲ್ಲಿ ಜರ್ಮನ್ ವೈದ್ಯ ರಾಬರ್ಟ್ ಕಾಕ್ ಗುರುತಿಸಿದ ಕ್ಷಯದ ಬ್ಯಾಕ್ಟೀರಿಯಾ ಹರಡುವುದು ಗಾಳಿಯಲ್ಲಿ, ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ, ಸೀನಿದಾಗ. ಅದಕ್ಕೇ ಮನೆಭೇಟಿಗೆ ಬರುವ ಸಮುದಾಯ ಆರೋಗ್ಯ ನರ್ಸ್ ಪಾತ್ರೆಗಳ ತಂಟೆಗೆ ಹೋಗುವುದಿಲ್ಲ. ಮುಚ್ಚಿದ ಕಿಟಕಿ ತೆಗೆಸುತ್ತಾರೆ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ ಎಂದು ಕೇಳುತ್ತಾರೆ, ಮಾತ್ರೆ ಸ್ಟ್ರಿಪ್ ತಿರುಗಿಸಿ ಎಷ್ಟು ಖಾಲಿಯಾಗಿದೆ ಎಂದು ಎಣಿಸುತ್ತಾರೆ. ಸರಿಯಾದ ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಸಾಧ್ಯತೆ ಬಹಳ ಇಳಿಯುತ್ತದೆ. ಆದರೂ ಕೋರ್ಸ್, ಸಾಮಾನ್ಯವಾಗಿ 6 ತಿಂಗಳು, ಮುಗಿಸಲೇಬೇಕು.

ತಟ್ಟೆ ಬೇರೆ ಇಟ್ಟರೆ ಆಗುವುದು ಬೇರೆಯದೇ (ನನಗೆ ಸಿಟ್ಟು ಬರುವುದೂ ಇಲ್ಲೇ): ಆಶ್ರಯ ಕೇಂದ್ರದಲ್ಲಿರುವವರು, ವಲಸೆ ಕಾರ್ಮಿಕರು ತಮ್ಮನ್ನೂ ಬೇರೆ ಇಡುತ್ತಾರೆಂದು ಹೆದರಿ ಕಾಯಿಲೆ ಮುಚ್ಚಿಟ್ಟು, ಕೆಮ್ಮುತ್ತಲೇ ಚಿಕಿತ್ಸೆಯಿಂದ ದೂರ ಉಳಿಯುತ್ತಾರೆ.