ತಟ್ಟೆಯ ಹಲ್ಲು ಹಿಡಿದು

ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಮಾರುವವನು ಹೇಳುವ ವಯಸ್ಸಿಗೂ ಹಲ್ಲು ಹೇಳುವ ವಯಸ್ಸಿಗೂ ಒಂದೆರಡು ವರ್ಷ ಹೆಚ್ಚುಕಡಿಮೆಯಾಗುವುದು ಇದ್ದದ್ದೇ. ಹಳೆಯ ಜಾಝ್ ರೆಕಾರ್ಡುಗಳಲ್ಲಿ ಈ ಹೆಚ್ಚುಕಡಿಮೆ ಇಪ್ಪತ್ತು ಮೂವತ್ತು ವರ್ಷಕ್ಕೂ ಹೋಗುತ್ತದೆ. ಅದೂ ಮಾರುವವನು ಒಂದೇ ಒಂದು ಸುಳ್ಳು ಹೇಳದೆ.

ರೆಕಾರ್ಡಿನ ಹೊರಕವರೇ ಅವನ ಪರವಾಗಿ ಆ ಕೆಲಸ ಮಾಡಿಬಿಡುತ್ತದೆ. ಅದರ ಮೇಲೆ 1959 ಎಂದಿದ್ದರೆ ಅದು ಸಂಗೀತ ಹೊರಬಂದ ವರ್ಷ. ಕೈಯಲ್ಲಿರುವ ತಟ್ಟೆ ಹುಟ್ಟಿದ್ದು ಯಾವಾಗಲೋ. ಪುಸ್ತಕದವರು ಎಷ್ಟೋ ವಾಸಿ, ಮೊದಲ ಮುದ್ರಣ ಯಾವಾಗ, ಆರನೆಯದು ಯಾವಾಗ ಎಂದು ಒಳಪುಟದಲ್ಲಿ ಒಪ್ಪಿಸಿಬಿಡುತ್ತಾರೆ. ರೆಕಾರ್ಡಿನವರು ಎಷ್ಟೋ ಸಲ ಅದೇ ಚಿತ್ರ, ಅದೇ ಬರಹ, ಅದೇ ಇಸವಿಯನ್ನು ಮತ್ತೆ ಅಚ್ಚು ಹಾಕಿ ಸುಮ್ಮನಾಗುತ್ತಾರೆ.

ನಾನು ಬಹಳ ಹೆಮ್ಮೆಯಿಂದ ಕೊಂಡ ಮೊದಲ ‘ಮೂಲಪ್ರತಿ’ಯ ಬೆನ್ನಿನ ಮೇಲೆ ಬಾರ್‌ಕೋಡ್ ಇತ್ತು. ಅಮೆರಿಕದ ಅಂಗಡಿಯೊಂದರಲ್ಲಿ ಬಾರ್‌ಕೋಡನ್ನು ಮೊದಲು ಓದಿಸಿದ್ದೇ 1974ರ ಜೂನ್‌ನಲ್ಲಿ, ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನದನ್ನು. ರೆಕಾರ್ಡುಗಳಿಗೆ ಅದು ಬಂದದ್ದು ಇನ್ನೂ ಕೆಲವು ವರ್ಷ ಕಳೆದ ಮೇಲೆ. ಆ ಕಪ್ಪು ಗೆರೆಗಳು ಎರಡು ವಾರ ನನ್ನ ಕಣ್ಣೆದುರೇ ಇದ್ದವು, ಕಂಡಿರಲಿಲ್ಲ. ಕೊಟ್ಟವನು ಕೋಡಂಗಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಂದಿನಿಂದ ಚಿತ್ರ ನೋಡುವ ಮೊದಲು ವಿಳಾಸ ಓದುತ್ತೇನೆ. ಅಮೆರಿಕದ ವಿಳಾಸದಲ್ಲಿ ಐದಂಕಿಯ ಪಿನ್ ಇದ್ದರೆ ಅದು 1963ರ ಜುಲೈಗಿಂತ ಹಿಂದಿನದಲ್ಲ, ಅದು ಶುರುವಾದದ್ದೇ ಆಗ. ಬ್ಲೂ ನೋಟ್ ಎಂಬ ಜಾಝ್ ರೆಕಾರ್ಡ್ ಕಂಪನಿಯವರು ತಟ್ಟೆಯ ನಡುವೆ ಅಂಟಿಸುತ್ತಿದ್ದ ಲೇಬಲ್ಲಿನಲ್ಲಿ ಮೊದಲು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂ, ಆಮೇಲೆ ಪಶ್ಚಿಮ 63ನೇ ಬೀದಿ. 1960ರ ದಶಕದ ನಡುವೆ ಕಂಪನಿ ಲಿಬರ್ಟಿ ಎಂಬ ಇನ್ನೊಂದು ಕಂಪನಿಯ ಪಾಲಾದ ಮೇಲೆ ಹೊಸ ಯಜಮಾನರ ಹೆಸರು. ಬಾಡಿಗೆ ಮನೆ ಬದಲಿಸಿದವರ ಹಳೆಯ ಕಾಗದಗಳನ್ನು ಜೋಡಿಸಿದ ಹಾಗೆ.

ಆದರೆ ನಿಜವಾದ ಹಲ್ಲು ಇರುವುದು ಸಂಗೀತ ಮುಗಿದು ಲೇಬಲ್ ಶುರುವಾಗುವ ನಡುವೆ, ಆ ನುಣುಪಾದ ಖಾಲಿ ಜಾಗದಲ್ಲಿ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಗೀಚಿದ ಅಕ್ಷರಗಳು ಮಿನುಗುತ್ತವೆ. ರೂಡಿ ವ್ಯಾನ್ ಗೆಲ್ಡರ್ ಎಂಬ ಧ್ವನಿಮುದ್ರಕ ಹಗಲು ಕಣ್ಣು ಪರೀಕ್ಷಿಸುತ್ತಿದ್ದವನು. ಉಳಿದ ಹೊತ್ತಿನಲ್ಲಿ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ತಂದೆ ತಾಯಿಯ ಮನೆಯ ನಡುಕೋಣೆಯಲ್ಲೇ ಜಾಝ್ ದಿಗ್ಗಜರನ್ನು ಕೂರಿಸಿ ಧ್ವನಿ ಹಿಡಿದ. ಅಚ್ಚಿಗೆಂದು ತಾನು ಕೊರೆದ ತಟ್ಟೆಯಲ್ಲಿ ಮೊದಮೊದಲು ಕೈಯಿಂದ ತನ್ನ ಹೆಸರಿನ ಮೂರಕ್ಷರ, RVG, ಗೀಚುತ್ತಿದ್ದ. ಮುಂದೆ ಅದಕ್ಕೊಂದು ಮೊಹರು ಬಂತು. ಹೆಸರು ಕಂಡ ಕೂಡಲೇ ಕುಣಿಯಬಾರದು. ಬ್ಲೂ ನೋಟ್ ಕಂಪನಿ ಕೈಬದಲಾದ ಮೇಲೂ ಅವನ ಹಳೆಯ ಅಚ್ಚುಗಳಿಂದಲೇ ತಟ್ಟೆಗಳನ್ನು ಒತ್ತಿದರು, ಮೊಹರು ಹಾಗೇ ಉಳಿಯಿತು. ಉಳಿಯದಿದ್ದದ್ದು ಒಂದು ಪುಟ್ಟ ಕಿವಿ. ಬ್ಲೂ ನೋಟ್ ತಟ್ಟೆಗಳನ್ನು ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯವರು ತಮ್ಮ ಹೆಸರಿನ ಮೊದಲಕ್ಷರ P ಯನ್ನು ಬಳುಕಿಸಿ ಬರೆದದ್ದು ಥೇಟ್ ಕಿವಿಯಂತೆ ಕಾಣುತ್ತದೆ. 1966ರ ನಂತರ ಒತ್ತಿದವುಗಳಲ್ಲಿ ಅದು ಇಲ್ಲ. ಬೆಳೆದ ಗಂಡಸೊಬ್ಬ ಭೂತಗನ್ನಡಿ ಹಿಡಿದು ಕಿವಿ ಹುಡುಕುತ್ತಾ ಕೂರುವುದನ್ನು ಮನೆಯವರಿಗೆ ವಿವರಿಸುವುದು ಕಷ್ಟ.

ತೂಕದ ಮಾತು ನನಗೆ ಹಿಡಿಸುವುದಿಲ್ಲ. ಭಾರವಾಗಿದೆ, ಆದ್ದರಿಂದ ಹಳೆಯದು ಎನ್ನುವವರಿದ್ದಾರೆ. ಈಗಿನ ಮರುಮುದ್ರಣಗಳು ಬೇಕೆಂದೇ 180 ಗ್ರಾಂ ತೂಗುತ್ತವೆ, ಎದುರಿಗೇ ಬರೆದುಕೊಂಡು.

ಕಿವಿಯಿಂದಲೇ ವಯಸ್ಸು ಹೇಳಬಹುದಾದ ತಟ್ಟೆಯೂ ಒಂದಿದೆ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 1959ರ ‘ಕೈಂಡ್ ಆಫ್ ಬ್ಲೂ’. ಮೊದಲ ದಿನ ಧ್ವನಿ ಹಿಡಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಹೀಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿ ಕೊರೆದ ತಟ್ಟೆಯಲ್ಲಿ ಮೊದಲ ಬದಿಯ ಮೂರೂ ರಚನೆಗಳು ತುಸು ವೇಗವಾಗಿ, ಶ್ರುತಿ ತುಸು ಏರಿ ಕೇಳಿಸುತ್ತವೆ. ಇದನ್ನು ಸರಿಪಡಿಸಿದ್ದು 1992ರಲ್ಲಿ, ಮೂವತ್ತಮೂರು ವರ್ಷ ಲೋಕವೆಲ್ಲ ತಲೆದೂಗಿದ ಮೇಲೆ. ಶ್ರುತಿ ಸರಿಯಿದ್ದರೆ ತಟ್ಟೆ ಈಚಿನದು, ತಪ್ಪಿದ್ದರೆ ಹಳೆಯದಿರಬಹುದು. ನಾನೂ ಒಂದು ರಾತ್ರಿ ದೀಪ ಆರಿಸಿ ಎರಡು ಪ್ರತಿಗಳನ್ನು ಒಂದಾದ ಮೇಲೊಂದು ಹಾಕಿ ಪರೀಕ್ಷೆಗೆ ಕುಳಿತೆ. ಎರಡನೆಯದರ ಅರ್ಧಕ್ಕೆ ಬರುವಾಗ, ಮೊದಲು ಹಾಕಿದ್ದು ಯಾವುದೆಂಬುದೇ ಮರೆತುಹೋಗಿತ್ತು.